‘ಮನೆ ಬಾಡಿಗೆಗಿದೆ’ – ಯಾರಿಗೆ?



ಪ್ರತಿ ವರ್ಷ ಕ್ಲಾಸು ಶುರುವಾಗುವ ಹೊತ್ತಿಗೆ ನಮ್ಮ ಹುಡುಗರು ಒಂದು ಟ್ರಂಕು, ಒಂದು ಚಾಪೆ, ಅವ್ವ ಕಟ್ಟಿಕೊಟ್ಟ ರಾಗಿಹಿಟ್ಟಿನ ಗಂಟು ಹೊತ್ತುಕೊಂಡು ಮೈಸೂರಿಗೆ, ಬೆಂಗಳೂರಿಗೆ, ಧಾರವಾಡಕ್ಕೆ ಬಂದಿಳಿಯುತ್ತಾರೆ. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿರುತ್ತದೆ, ಹಾಸ್ಟೆಲಿನಲ್ಲಿ ಸಿಕ್ಕಿರುವುದಿಲ್ಲ. ಮೊದಲ ಕೆಲವು ದಿನ ಹಾಸ್ಟೆಲಿನ ಗೆಳೆಯನ ಹಾಸಿಗೆಯಲ್ಲೇ ಮುದುರಿಕೊಂಡು ಮಲಗುತ್ತಾರೆ. ವಾರ್ಡನ್ ಬಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಇದು ಬಹಳ ದಿನ ನಡೆಯುವುದಿಲ್ಲ. ಆಮೇಲೆ ರೂಮು ಹುಡುಕುವ ಕೆಲಸ. ಬೀದಿ ಬೀದಿ ಸುತ್ತಿ, ಗೇಟಿಗೆ ನೇತು ಹಾಕಿದ ‘ಮನೆ ಬಾಡಿಗೆಗಿದೆ’ ಬೋರ್ಡು ನೋಡಿ ಬೆಲ್ಲು ಒತ್ತಬೇಕು.

ಬೋರ್ಡಿನ ಮೇಲೆ ಯಾರ ಜಾತಿಯೂ ಬರೆದಿರುವುದಿಲ್ಲ. ಅದು ಗೊತ್ತಾಗುವುದು ಗೇಟು ತೆರೆದ ಮೇಲೆ.

ಈ ಲೇಖನದಲ್ಲಿ ಹೇಳಬೇಕಾದ ಮಾತು ಒಂದೇ. ಊರಿನ ಕೆರೆ, ಬಾವಿ, ಹೋಟೆಲು, ದೇವಸ್ಥಾನಗಳ ಪ್ರಶ್ನೆಯನ್ನು ನಾವು ಸಾರ್ವಜನಿಕ ಪ್ರಶ್ನೆ ಅಂತ ತಿಳಿದು ಹೋರಾಡಿದೆವು. ಬಾಡಿಗೆ ಮನೆಯ ಪ್ರಶ್ನೆಯನ್ನು ಮಾತ್ರ ಒಬ್ಬೊಬ್ಬ ಹುಡುಗನ, ಒಬ್ಬೊಬ್ಬ ಹುಡುಗಿಯ ಸ್ವಂತ ಕಷ್ಟ ಅಂತ ಬಿಟ್ಟುಬಿಟ್ಟಿದ್ದೇವೆ. ಅವರವರ ಜಾಣತನ, ಅವರವರ ಸುಳ್ಳು, ಅವರವರ ಅವಮಾನ. ಇದು ನಿಲ್ಲಬೇಕು.

ಪ್ರಶ್ನೆಗಳ ದಾರಿ

‘ಎಷ್ಟು ಜನ ಇರ್ತೀರಾ? ಏನ್ ಓದ್ತಿದೀರಾ? ಯಾವೂರು?’ ಇಲ್ಲಿಯವರೆಗೆ ಸರಿ. ಮನೆ ಕೊಡುವವನು ಕೇಳಲೇಬೇಕಾದ ಪ್ರಶ್ನೆಗಳು ಇವು. ಇಲ್ಲಿಂದ ಮುಂದೆ ದಾರಿ ತಿರುಗುತ್ತದೆ. ‘ನಿಮ್ಮಪ್ಪ ಏನ್ ಮಾಡ್ತಾರೆ? ಜಮೀನು ಎಷ್ಟಿದೆ? ಮನೆದೇವ್ರು ಯಾವ್ದಪ್ಪಾ? ಊರಲ್ಲಿ ನಿಮ್ಮನೆ ಎಲ್ಲಿ ಬರುತ್ತೆ?’ ಊರಲ್ಲಿ ಮನೆ ಎಲ್ಲಿ ಬರುತ್ತೆ ಅನ್ನೋದನ್ನ ತಿಳಿದುಕೊಂಡು ಮೈಸೂರಿನ ಯಜಮಾನರಿಗೆ ಏನಾಗಬೇಕು? ಕೇರಿಯೋ ಊರೋ ಅಂತ ಗೊತ್ತಾಗಬೇಕು, ಅಷ್ಟೆ. ಧಾರವಾಡದ ಕಡೆ ಸುತ್ತಿ ಬಳಸದೆ ‘ನೀವು ಯಾವ ಪೈಕ್ರೀ?’ ಅಂದುಬಿಡುತ್ತಾರೆ. ಬೆಂಗಳೂರಿನಲ್ಲಿ ಇದೇ ಪ್ರಶ್ನೆ ಪ್ಯಾಂಟು ಷರಟು ಹಾಕಿಕೊಂಡು ಬರುತ್ತದೆ: ‘ಯಾವ ಕಮ್ಯುನಿಟಿ?’ ಈಗ ಕೇಳುವ ಶ್ರಮವೂ ಬೇಕಿಲ್ಲ. ಆಧಾರ್ ಕಾರ್ಡಿನ ಜೆರಾಕ್ಸು ಕೊಡಿ ಅಂದರೆ ಅಪ್ಪನ ಹೆಸರು ತಾನಾಗಿ ಬರುತ್ತದೆ. ಅಪ್ಪನ ಹೆಸರಿನಲ್ಲಿ ಕೇರಿ ಇರುತ್ತದೆ.

ಉತ್ತರ ಕೇಳಿದ ಮೇಲೆ ಬೈಯುವುದಿಲ್ಲ. ಕಾಲ ಬದಲಾಗಿದೆ, ನಗುತ್ತಲೇ ಹೇಳುತ್ತಾರೆ. ‘ಅಯ್ಯೋ, ನಿನ್ನೆ ತಾನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರಲ್ಲಪ್ಪಾ.’ ‘ನಮ್ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ.’ ಇನ್ನು ಕೆಲವರು ಪ್ರಗತಿಪರರು: ‘ನಾವೇನು ಜಾತಿಗೀತಿ ನೋಡೋರಲ್ಲ, ಆದ್ರೆ ಮನೇಲಿ ವಯಸ್ಸಾದ ಅತ್ತೆ ಇದಾರೆ, ಮಡಿ ಅಂತಾರೆ.’ ಈ ಅತ್ತೆಯಂದಿರು ಎಲ್ಲಾ ಬಡಾವಣೆಯಲ್ಲೂ ಇದ್ದಾರೆ. ಅತ್ತೆ ಸತ್ತು ವರ್ಷವಾದರೂ ಮಡಿ ಸಾಯುವುದಿಲ್ಲ. ಬೋರ್ಡು ಮಾತ್ರ ಮುಂದಿನ ವಾರವೂ ಅದೇ ಗೇಟಿನಲ್ಲಿ ನೇತಾಡುತ್ತಿರುತ್ತದೆ.

ಆಮೇಲೆ ಆಹಾರದ ಪ್ರಶ್ನೆ. ‘ವೆಜ್ಜಾ, ನಾನ್‌ವೆಜ್ಜಾ?’ ಭಾನುವಾರ ತಮ್ಮ ಮನೆಯಲ್ಲಿ ಮಟನ್ನು ಬೇಯಿಸುವ ಯಜಮಾನರೂ ನಮಗೆ ಸಸ್ಯಾಹಾರದ ಪಾಠ ಹೇಳುತ್ತಾರೆ. ಅವರ ಮಾಂಸಕ್ಕೆ ಮರ್ಯಾದೆ ಇದೆ, ನಮ್ಮದಕ್ಕೆ ವಾಸನೆ ಇದೆ. ಇದು ಬ್ರಾಹ್ಮಣರ ಮನೆಯ ಕತೆ ಮಾತ್ರ ಅಂತ ತಿಳಿಯಬೇಡಿ. ನಿನ್ನೆ ಮೊನ್ನೆ ನಾಲ್ಕು ಕಾಸು ಕಂಡು ಮನೆ ಮೇಲೆ ಮನೆ ಕಟ್ಟಿದ ಎಲ್ಲಾ ಜಾತಿಯವರೂ ಈ ಪ್ರಶ್ನೆ ಕಲಿತಿದ್ದಾರೆ. ತಮಾಷೆ ನೋಡಿ, ವಿಶ್ವಮಾನವ ಸಂದೇಶ ಕೊಟ್ಟ ಕವಿಯ ಹೆಸರನ್ನೇ ಬಡಾವಣೆಗೆ ಇಟ್ಟುಕೊಂಡ ಊರು ನಮ್ಮ ಮೈಸೂರು. ಆ ಊರಿನಲ್ಲೂ ನಮ್ಮ ಹುಡುಗರು ದೊಡ್ಡ ಬಡಾವಣೆಗಳನ್ನು ಸುತ್ತಿ ಸುಸ್ತಾಗಿ, ಕೊನೆಗೆ ಮಾನಸಗಂಗೋತ್ರಿಯ ಮಗ್ಗುಲಿನ ಪಡುವಾರಹಳ್ಳಿಯ ಸಂದಿಯಲ್ಲೋ ಅಶೋಕಪುರಂನ ನಮ್ಮವರ ಮನೆಯ ಮಹಡಿಯಲ್ಲೋ ಜಾಗ ಹುಡುಕಿಕೊಳ್ಳುತ್ತಾರೆ.

ಇದೆಲ್ಲ ನಿಮ್ಮ ಕಲ್ಪನೆ, ನಿಮಗೆ ಕೀಳರಿಮೆ ಅನ್ನುವ ಬುದ್ಧಿವಂತರು ಇದ್ದಾರೆ. ಅಂಥವರಿಗೆ ಒಂದು ಲೆಕ್ಕ. ಸುಖದೇವ್ ಥೋರಟ್ ಮತ್ತು ಅವರ ಜೊತೆಯವರು ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಮೇಲ್ಜಾತಿಯ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು ಹೇಳಿಕೊಂಡು ಬಾಡಿಗೆ ಮನೆ ಕೇಳಿದರು. ಅದರ ಫಲ 2015ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಫೋನಿನಲ್ಲಿ ಕೇಳಿದ ದಲಿತರಲ್ಲಿ ನೂರಕ್ಕೆ ಸುಮಾರು 18 ಜನರಿಗೆ, ಮುಸ್ಲಿಮರಲ್ಲಿ ಸುಮಾರು 31 ಜನರಿಗೆ ‘ಮನೆ ಇಲ್ಲ’ ಅನ್ನುವ ಉತ್ತರ. ಮುಖ ಕೂಡ ನೋಡಿಲ್ಲ, ಬರೀ ಹೆಸರು ಕೇಳಿದ್ದಾರೆ. ಇದು ದೇಶದ ರಾಜಧಾನಿಯ ಮಾತು.

ಬಾಡಿಗೆಯ ಮೇಲೆ ಇನ್ನೊಂದು ಬಾಡಿಗೆ

ಹಾಗಾದರೆ ನಮ್ಮವರಿಗೆ ಮನೆ ಸಿಗುವುದೇ ಇಲ್ಲವೇ? ಸಿಗುತ್ತದೆ. ಹೇಗೆ ಸಿಗುತ್ತದೆ ಅನ್ನುವುದನ್ನು ನಾವು ನಮ್ಮೊಳಗೆ ಕೂಡ ಮಾತಾಡುವುದಿಲ್ಲ.

ಒಂದು ದಾರಿ, ಗೌಡರ ಗೆಳೆಯನನ್ನೋ ಲಿಂಗಾಯತರ ಗೆಳೆಯನನ್ನೋ ಮುಂದೆ ಬಿಡುವುದು. ಅವನು ಹೋಗಿ ಮಾತಾಡುತ್ತಾನೆ, ಅವನ ಹೆಸರಿನಲ್ಲಿ ಕರಾರು ಆಗುತ್ತದೆ. ನಾವಿಬ್ಬರು ಮೂವರು ಕತ್ತಲಾದ ಮೇಲೆ ಟ್ರಂಕು ತಂದು ಸೇರಿಕೊಳ್ಳುತ್ತೇವೆ. ಗೆಳೆಯ ಒಳ್ಳೆಯವನೇ ಇರಬಹುದು. ಆದರೆ ಕರಾರು ಅವನದು, ಬಾಡಿಗೆ ನಮ್ಮದು. ಒಂದು ದಿನ ಪಾತ್ರೆ ತೊಳೆಯುವ ವಿಚಾರಕ್ಕೆ ಜಗಳ ಬಂದರೆ ಮನೆ ಬಿಡಬೇಕಾದವರು ಯಾರು ಅಂತ ಎಲ್ಲರಿಗೂ ಗೊತ್ತು. ಅವನ ಊರಿನವರು ಬಂದಾಗ ನಮ್ಮ ತಟ್ಟೆ ಲೋಟ ಮೂಲೆಗೆ ಸರಿಯುವುದನ್ನೂ ನೋಡಿದ್ದೇವೆ.

ಇನ್ನೊಂದು ದಾರಿ, ಜಾತಿ ಬಚ್ಚಿಡುವುದು. ಹೆಸರಿನ ಮುಂದೆ ಏನನ್ನೋ ಸೇರಿಸುವುದು, ಮನೆದೇವರನ್ನು ಬದಲಾಯಿಸುವುದು. ಮನೆ ಸಿಗುತ್ತದೆ. ಆಮೇಲೆ ಆ ಸುಳ್ಳಿಗೆ ದಿನಾ ಬಾಡಿಗೆ ಕಟ್ಟಬೇಕು. ಬಾಬಾಸಾಹೇಬರ ಫೋಟೋ ಟ್ರಂಕಿನ ತಳಕ್ಕೆ ಹೋಗುತ್ತದೆ. ಒಣಮೀನು ಸುಟ್ಟರೆ ಕಿಟಕಿ ಮುಚ್ಚಬೇಕು. ಸ್ಕಾಲರ್‌ಷಿಪ್ಪಿನ ಕಾಗದಕ್ಕೆ ಆ ಮನೆಯ ವಿಳಾಸ ಕೊಡುವ ಹಾಗಿಲ್ಲ. ಸಭೆಯ ಕರಪತ್ರ ಜೇಬಿನಲ್ಲಿ ಉಳಿದಿದೆಯಾ ಅಂತ ಗೇಟಿನ ಹೊರಗೇ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಊರಿಂದ ಅಪ್ಪ ಬಂದಾಗ. ಕೆ.ಆರ್. ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದ ಅಪ್ಪನನ್ನು ಮನೆಗೆ ಕರೆದುಕೊಂಡು ಹೋದರೆ ಅವರ ಮಾತು, ಅವರ ಬಟ್ಟೆ, ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟು ನಿಲ್ಲುವ ರೀತಿ, ಎಲ್ಲವೂ ಮಾಲೀಕನಿಗೆ ಸಾಕ್ಷಿ ಹೇಳುತ್ತದೆ. ಆದ್ದರಿಂದ ಮಗ ಅಪ್ಪನನ್ನು ಆಸ್ಪತ್ರೆಯ ಜಗಲಿಯಲ್ಲೇ ಮಲಗಿಸಿ ಬರುತ್ತಾನೆ. ಆ ರಾತ್ರಿ ಅವನು ಯಾವ ಪುಸ್ತಕ ಓದಿಯಾನು?

ಹೀಗೆ ಬಚ್ಚಿಟ್ಟುಕೊಂಡ ಹುಡುಗರನ್ನು ಹೇಡಿಗಳು ಅಂತ ಬೈಯುವವರು ನಮ್ಮಲ್ಲೇ ಇದ್ದಾರೆ. ಅವರು ಸ್ವಲ್ಪ ಇತಿಹಾಸ ಓದಬೇಕು.

ಬರೋಡದ 11ನೇ ದಿನ

ಬಾಬಾಸಾಹೇಬರು ಬರೋಡದ ಮಹಾರಾಜರ ಸ್ಕಾಲರ್‌ಷಿಪ್ಪಿನಲ್ಲಿ ಅಮೆರಿಕದ ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲೂ ಓದಿ, 1917ರಲ್ಲಿ ಬರೋಡ ಸಂಸ್ಥಾನದ ನೌಕರಿಗೆ ಬಂದರು. ಇಡೀ ಊರಿನಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ ಅಂತ ಗೊತ್ತಿತ್ತು. ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಇಳಿದುಕೊಂಡರು. ಊಟ ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ. 11ನೇ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಜನ ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದು, ನೀನು ಯಾರು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಬಾಬಾಸಾಹೇಬರು ಇಬ್ಬರು ಗೆಳೆಯರನ್ನು ಕೇಳಿ ನೋಡಿದರು. ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಇಬ್ಬರೂ ಏನೇನೋ ಹೇಳಿ ಜಾರಿಕೊಂಡರು. ಬೊಂಬಾಯಿಯ ರೈಲು ರಾತ್ರಿ 9ಕ್ಕೆ. ಅಲ್ಲಿಯವರೆಗೆ ಕಾಮಾಠಿ ಬಾಗ್ ಅನ್ನುವ ಸಾರ್ವಜನಿಕ ತೋಟದಲ್ಲಿ ಐದು ಗಂಟೆ ಕಾಲ ಕೂತಿದ್ದರು.

ದೇಶಕ್ಕೆ ಸಂವಿಧಾನ ಬರೆದುಕೊಟ್ಟ ಮನುಷ್ಯ ಬಾಡಿಗೆ ಕೋಣೆಗಾಗಿ ಹೆಸರು ಬದಲಾಯಿಸಬೇಕಾಯಿತು. ಇದನ್ನು ಅವರು ಮುಚ್ಚಿಡಲಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ ಅನ್ನುವ ಸಣ್ಣ ಬರಹದಲ್ಲಿ ತಾವೇ ಬರೆದಿಟ್ಟರು. ಹಿಂದೂವಿಗೆ ಅಸ್ಪೃಶ್ಯನಾದವನು ಪಾರ್ಸಿಗೂ ಅಸ್ಪೃಶ್ಯನೇ ಅನ್ನುವುದು ಅವರಿಗೆ ಆ ದಿನ ಅರ್ಥವಾಯಿತು. ನಾಚಿಕೆಪಡಬೇಕಾದವರು ಕೋಲು ಹಿಡಿದವರು, ಕೋಣೆ ಹುಡುಕಿದವನಲ್ಲ.

ಅದಕ್ಕಿಂತ ಮುಖ್ಯ, ಆಮೇಲೆ ಅವರು ಮಾಡಿದ ಕೆಲಸ. 1925ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯಿಂದ ಸೊಲ್ಲಾಪುರದಲ್ಲಿ ನಮ್ಮ ಹುಡುಗರಿಗಾಗಿ ಹಾಸ್ಟೆಲು ತೆರೆದರು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿ ಮುಂದೆ ಊರೂರಿನಲ್ಲಿ ಹಾಸ್ಟೆಲು ನಡೆಸಿದರು. ಅದರಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಅಂದರೆ ತಮಗೆ ಸಿಗದ ಕೋಣೆಯನ್ನು ತಮ್ಮ ಹಿಂದೆ ಬರುವವರಿಗೆ ಸಂಘ ಕಟ್ಟಿ ಮಾಡಿಕೊಟ್ಟರು. ಒಬ್ಬರೇ ಜಾಣತನದಿಂದ ಇನ್ನೊಂದು ಮನೆ ಹುಡುಕಿಕೊಂಡು ಸುಮ್ಮನಾಗಲಿಲ್ಲ. ಇವತ್ತು ನಾವು ತಿನ್ನುವ ಹಾಸ್ಟೆಲ್ ಅನ್ನದ ಹಿಂದೆ ಈ ಕತೆ ಇದೆ.

ಕಾನೂನು ಏನು ಹೇಳುತ್ತದೆ

‘ನನ್ನ ಮನೆ, ನನ್ನಿಷ್ಟ, ಯಾರಿಗೆ ಬೇಕಾದ್ರೂ ಕೊಡ್ತೀನಿ’ ಅಂತ ಮಾಲೀಕ ಹೇಳುತ್ತಾನೆ. ಇದಕ್ಕೆ ಉತ್ತರ ಗೊತ್ತಿರಬೇಕು.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವೂ ಇದೆ. ಬಾಡಿಗೆ ಮನೆ ಅನ್ನುವ ಮಾತಿಲ್ಲ. ಆದರೆ 1948ರಲ್ಲಿ ಸಂವಿಧಾನ ಸಭೆಯಲ್ಲಿ ಇದರ ಮೇಲೆ ಚರ್ಚೆ ಬಂದಾಗ ಬಾಬಾಸಾಹೇಬರು ‘ಅಂಗಡಿ’ ಅನ್ನುವ ಪದವನ್ನು ವಿಶಾಲವಾದ ಅರ್ಥದಲ್ಲಿ ಬಳಸಿದೆ, ಸಾರ್ವಜನಿಕರಿಗೆ ಸೇವೆ ಕೊಡಲು ಮುಂದೆ ಬರುವ ಎಲ್ಲರೂ ಅದರಲ್ಲಿ ಸೇರುತ್ತಾರೆ ಅಂತ ವಿವರಿಸಿದ್ದರು. ಗೇಟಿಗೆ ಬೋರ್ಡು ಹಾಕಿ, ಫೋನ್ ನಂಬರು ಬರೆದು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆಯುವವನು ವ್ಯಾಪಾರಕ್ಕೆ ಕೂತವನಲ್ಲವೇ? ಮಗಳನ್ನು ಯಾರಿಗೆ ಕೊಡುತ್ತೀರಿ ಅಂತ ನಾವು ಕೇಳುತ್ತಿಲ್ಲ. ದುಡ್ಡಿಗೆ ಇಟ್ಟ ಕೋಣೆಯನ್ನು ದುಡ್ಡು ಕೊಡುವವನಿಗೆ ಕೊಡಿ ಅನ್ನುತ್ತಿದ್ದೇವೆ.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು 1976ರಲ್ಲಿ ಬಲಪಡಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಿಟ್ಟರು. ಅದರ 4ನೇ ಕಲಂ ಓದಿ ನೋಡಿ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸ ಮಾಡುವುದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, ಜೊತೆಗೆ ದಂಡ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ, ಅದು 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಆರ್ಥಿಕ ಬಹಿಷ್ಕಾರವೂ ಅಪರಾಧ. ಹಣ ಕೊಟ್ಟು ಪಡೆಯುವ ಸೇವೆಯನ್ನು, ಕರಾರಿನ ಅವಕಾಶವನ್ನು ನಿರಾಕರಿಸುವುದು ಕೂಡ ಆ ಬಹಿಷ್ಕಾರದ ಅರ್ಥವಿವರಣೆಯಲ್ಲಿ ಬರುತ್ತದೆ. ಬಾಡಿಗೆ ಕರಾರು ಕರಾರಲ್ಲದೆ ಮತ್ತೇನು? ನಮ್ಮ ಲಾಯರುಗಳು ಈ ಮಾತು ಹಿಡಿದು ವಾದ ಮಾಡಬೇಕು.

ಕಾನೂನಿನಲ್ಲಿ ತೂತುಗಳೂ ಇವೆ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಒಂದು ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಕೇಸಿನಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ನಿಯಮ ತಪ್ಪಲ್ಲ ಅಂದಿತು. ಅದೇ ನೆರಳಿನಲ್ಲಿ ಬೇರೆ ಜಾತಿಗಳೂ ತಮ್ಮ ತಮ್ಮ ಬೇಲಿ ಹಾಕಿಕೊಳ್ಳಬಹುದು. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು: ಮನೆಯ ನಾಲ್ಕು ಗೋಡೆಗಳ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಜಾತಿ ಹಿಡಿದು ಬೈದರೆ ದೌರ್ಜನ್ಯ ಕಾಯಿದೆಯ ಅವಮಾನದ ಕಲಂ ಅನ್ವಯಿಸುವುದಿಲ್ಲ. ಮನೆ ಕೇಳಲು ಹೋದವನಿಗೆ ಅವಮಾನ ಆಗುವುದು ಆ ನಾಲ್ಕು ಗೋಡೆಗಳ ಒಳಗೇ ತಾನೆ! ಆದ್ದರಿಂದ ಒಬ್ಬರೇ ಹೋಗಬೇಡಿ ಅಂತ ಮುಂದೆ ಹೇಳುತ್ತಿದ್ದೇವೆ.

ಕರ್ನಾಟಕದ ಬಾಡಿಗೆ ಕಾಯಿದೆ 1999ರದು, 2001ರ ಕೊನೆಯಲ್ಲಿ ಜಾರಿಗೆ ಬಂತು. ಅದು ಬೆಂಗಳೂರಿನಂಥ ಕಡೆ ತಿಂಗಳಿಗೆ 3500, ಉಳಿದ ಕಡೆ 2000 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಯಾವ ಮನೆ ಸಿಗುತ್ತದೆ? ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯಿದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಅಂತ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ರಾಜ್ಯ ತನ್ನ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ. ಜಾತಿ ನೋಡಿ ಮನೆ ನಿರಾಕರಿಸಬಾರದು ಅನ್ನುವ ಒಂದು ಸಾಲು ಆ ಮಾದರಿಯಲ್ಲೂ ಇಲ್ಲ.

ಒಂದು ಮಾತು ನೆನಪಿರಲಿ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ಮುಕ್ತ ಅನ್ನುವ ಠರಾವು ಬೊಂಬಾಯಿ ಶಾಸನ ಸಭೆಯಲ್ಲಿ ಪಾಸಾಗಿದ್ದು 1923ರಲ್ಲಿ. ಕಾಗದದ ಮೇಲೆ ನಾಲ್ಕು ವರ್ಷ ಕೆರೆ ಮುಕ್ತವಾಗಿತ್ತು. ಮಹಾಡಿನ ನೀರು ನಮ್ಮ ಬಾಯಿಗೆ ಬಂದದ್ದು 1927ರ ಮಾರ್ಚ್ 20ರಂದು, ಸಾವಿರಾರು ಜನ ಬಾಬಾಸಾಹೇಬರ ಜೊತೆ ನಡೆದುಕೊಂಡು ಹೋದ ಮೇಲೆ. ಬಾಡಿಗೆ ಮನೆಯ ವಿಚಾರದಲ್ಲಿ ನಾವಿನ್ನೂ ನಡೆದೇ ಇಲ್ಲ.

ದುಡ್ಡಿನ ಲೆಕ್ಕ

ಹಾಸ್ಟೆಲು ಸಿಗದವರಿಗೆ ಸರ್ಕಾರ ಏನು ಕೊಡುತ್ತದೆ? ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಷಿಪ್ಪಿನ 2021ರ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಬಿ.ಎ., ಎಂ.ಎ. ಓದುವವನು ಹಾಸ್ಟೆಲಿನ ಹೊರಗಿದ್ದರೆ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3000 ರೂಪಾಯಿ. ತಿಂಗಳಿಗೆ 250. ಮೂವರು ಸೇರಿ 6000 ರೂಪಾಯಿಯ ಮನೆ ಹಿಡಿದರು ಅಂತಿಟ್ಟುಕೊಳ್ಳಿ. ತಲೆಗೆ 2000 ಬಾಡಿಗೆ, ಅದರ ಮೇಲೆ ಅಕ್ಕಿ, ಗ್ಯಾಸು, ಕರೆಂಟು. ಸರ್ಕಾರದ 250 ಎಲ್ಲಿ ಮೂಲೆಗೆ ಬರುತ್ತದೆ? ಅದೂ ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಉಳಿದದ್ದನ್ನು ಅಪ್ಪ ಅವ್ವ ಕೂಲಿಯಲ್ಲಿ ತರಬೇಕು, ಇಲ್ಲವೇ ಹುಡುಗ ರಾತ್ರಿ ಹೋಟೆಲಿನಲ್ಲೋ ಸೆಕ್ಯುರಿಟಿ ಕೆಲಸದಲ್ಲೋ ದುಡಿದು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಬೇಕು. ಮೇಷ್ಟ್ರು ‘ನಿಮ್ಮವರಿಗೆ ಓದೋ ಆಸಕ್ತಿ ಇಲ್ಲ’ ಅನ್ನುತ್ತಾರೆ.

ಪಕ್ಕದ ಮಹಾರಾಷ್ಟ್ರ ನೋಡಿ. ಅಲ್ಲಿ 2016-17ರಲ್ಲಿ ಬಾಬಾಸಾಹೇಬರ ಹೆಸರಿನ ಸ್ವಾಧಾರ್ ಯೋಜನೆ ತಂದರು. ಸರ್ಕಾರಿ ಹಾಸ್ಟೆಲು ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗೆ ಊಟ, ವಸತಿ, ಇತರ ಖರ್ಚಿಗೆ ಅಂತ ಮುಂಬೈ, ಪುಣೆಯಂಥ ನಗರಗಳಲ್ಲಿ ವರ್ಷಕ್ಕೆ 60,000 ರೂಪಾಯಿ ಗೊತ್ತು ಮಾಡಿದರು. ನಮ್ಮ ರಾಜ್ಯದಲ್ಲಿ 2013-14ರಲ್ಲಿ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಅಂತ ತಿಂಗಳಿಗೆ 1500ರ ಹಾಗೆ 10 ತಿಂಗಳು ಕೊಡಲು ಶುರು ಮಾಡಿದರು. ದಾರಿ ಇದೆ ಅಂತಾಯಿತು. ಮನಸ್ಸು ಮತ್ತು ದುಡ್ಡು ಬೇಕು, ಅಷ್ಟೆ.

ಹಾಸ್ಟೆಲು ಸಿಕ್ಕಿದವರು ನಮಗೇನು ಅಂತ ಕೂರಬೇಡಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ಅವನ ನಾಲ್ವರು ಗೆಳೆಯರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದಾಗ ಅವರು 2016ರ ಜನವರಿಯ ಚಳಿಯಲ್ಲಿ ಕ್ಯಾಂಪಸ್ಸಿನ ಬಯಲಿನಲ್ಲಿ ಟೆಂಟು ಹಾಕಿ ಅದಕ್ಕೆ ‘ವೆಲಿವಾಡ’ ಅಂತ ಹೆಸರಿಟ್ಟು ಮಲಗಿದರು. ವೆಲಿವಾಡ ಅಂದರೆ ಕೇರಿ. ಜನವರಿ 17ರಂದು ರೋಹಿತ್ ನಮ್ಮನ್ನು ಬಿಟ್ಟು ಹೋದ. ಹಾಸ್ಟೆಲಿನ ಬಾಗಿಲು ಕೂಡ ಯಾವಾಗ ಬೇಕಾದರೂ ಮುಚ್ಚಬಹುದಾದ ಬಾಗಿಲು.

ನಮ್ಮ ರೂಮಿನ ಒಳಗೆ

ಇಲ್ಲಿಯವರೆಗೆ ಮಾಲೀಕರನ್ನು ಬೈದದ್ದಾಯಿತು. ಈಗ ಬಾಗಿಲು ಹಾಕಿಕೊಂಡು ನಮ್ಮ ನಮ್ಮಲ್ಲೇ ಸ್ವಲ್ಪ ಮಾತಾಡೋಣ.

ಕಷ್ಟಪಟ್ಟು ಸಂಪಾದಿಸಿದ ಆ ಹತ್ತಡಿ ಕೋಣೆಯೊಳಗೆ ನಾವು ಹೇಗಿದ್ದೇವೆ? ಹೊಲೆಯರ ಹುಡುಗರ ರೂಮು ಬೇರೆ, ಮಾದಿಗರ ಹುಡುಗರ ರೂಮು ಬೇರೆ. ‘ಅವನು ನಮ್ಮೋನಲ್ಲ, ಬೇಡ ಬಿಡು’ ಅನ್ನುವ ಮಾತು ನಮ್ಮ ಬಾಯಲ್ಲೂ ಬರುತ್ತದೆ. ಗೇಟಿನಲ್ಲಿ ಮಾಲೀಕ ಕೇಳಿದ ಪ್ರಶ್ನೆಯನ್ನೇ ನಾವು ಒಳಗೆ ಕೂತು ಕೊರಮರ ಹುಡುಗನಿಗೆ, ಲಂಬಾಣಿ ಹುಡುಗನಿಗೆ, ಸಾಬರ ಹುಡುಗನಿಗೆ ಕೇಳಿದರೆ ಹೊರಗಿನವನನ್ನು ಬೈಯುವ ಬಾಯಿ ಎಲ್ಲಿ ಉಳಿಯಿತು? ಇನ್ನು ಕೆಲಸ. ಅನ್ನ ಮಾಡುವವನು, ನೀರು ಹಿಡಿಯುವವನು, ಕಕ್ಕಸು ತೊಳೆಯುವವನು ಯಾವಾಗಲೂ ಚಿಕ್ಕವನೇ ಆಗಿರುತ್ತಾನೆ, ಇಲ್ಲವೇ ಬಾಡಿಗೆಯ ಪಾಲು ಕೊಡಲಾಗದವನೇ ಆಗಿರುತ್ತಾನೆ. ದೊಡ್ಡವರು ಮಂಚದ ಮೇಲೆ ಕೂತು ಸಮಾನತೆಯ ಮೇಲೆ ಚರ್ಚೆ ಮಾಡುತ್ತಿರುತ್ತಾರೆ.

ನಮ್ಮ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಷ್ಟ. ಹುಡುಗಿಯರಿಗೆ ಮನೆ ಕೊಡುವವರೇ ಕಡಿಮೆ, ಕೊಟ್ಟರೂ ನೂರು ಕಟ್ಟಳೆ. ಪೇಯಿಂಗ್ ಗೆಸ್ಟ್ ಅಂತ ಸೇರಿದರೆ ಒಂದು ಕೋಣೆಗೆ ನಾಲ್ಕು ಮಂಚ. ಪಕ್ಕದ ಮಂಚದವಳು ಜಾತಿ ತಿಳಿದ ದಿನ ಓನರಮ್ಮನಿಗೆ ಹೇಳಿ ಬೇರೆ ಕೋಣೆ ಕೇಳುತ್ತಾಳೆ. ಇದನ್ನು ಅವರು ಮನೆಯಲ್ಲಿ ಹೇಳಿಕೊಂಡರೆ ‘ಓದಿದ್ದು ಸಾಕು, ಬಾ’ ಅನ್ನುವ ಉತ್ತರ. ಅದಕ್ಕೆ ಸುಮ್ಮನಿರುತ್ತಾರೆ. ನಮ್ಮ ಸಭೆಗಳಲ್ಲಿ ಈ ವಿಚಾರ ಎಷ್ಟು ಸಲ ಬಂದಿದೆ, ಲೆಕ್ಕ ಹಾಕಿ ನೋಡಿ.

ಹಾಗಂತ ನಮ್ಮ ರೂಮುಗಳಲ್ಲಿ ಒಳ್ಳೆಯದೇ ಇಲ್ಲ ಅಂತಲ್ಲ. ಒಬ್ಬನ ಸ್ಕಾಲರ್‌ಷಿಪ್ಪು ಬರುವವರೆಗೆ ಇಬ್ಬರು ಅವನ ಬಾಡಿಗೆ ಕಟ್ಟುವುದು, ಊರಿಂದ ಆಸ್ಪತ್ರೆಗೆ, ಕೋರ್ಟಿಗೆ ಬಂದವರಿಗೆಲ್ಲ ಆ ರೂಮೇ ಛತ್ರವಾಗುವುದು, ಒಂದೇ ಪುಸ್ತಕವನ್ನು ಪಾಳಿಯಲ್ಲಿ ಓದಿ ಮೂವರೂ ಪಾಸಾಗುವುದು, ಇದು ನಮ್ಮಲ್ಲಿ ಮಾತ್ರ ನಡೆಯುತ್ತದೆ. ಈ ಗುಣವನ್ನು ರೂಮಿನ ಹೊರಗೂ ಸಂಘಟನೆಯಾಗಿ ಬೆಳೆಸಬೇಕು.

ಏನು ಮಾಡಬೇಕು

ಬರೀ ಬೈದು ಬರೆದರೆ ಮನೆ ಸಿಗುವುದಿಲ್ಲ. ನಾವೇ ಮಾಡಬಹುದಾದ ಕೆಲಸಗಳು ಇವು.

1. ಮನೆ ಕೇಳಲು ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಹೋಗಿ. ಒಬ್ಬನಿಗೆ ‘ಮನೆ ಇಲ್ಲ’ ಅಂದ ಗೇಟಿಗೆ ಅರ್ಧ ಗಂಟೆ ಬಿಟ್ಟು ಬೇರೆ ಜಾತಿಯ ಗೆಳೆಯನನ್ನು ಕಳಿಸಿ. ಅವನಿಗೆ ‘ಬನ್ನಿ, ನೋಡಿ’ ಅಂದರೆ ಸುಳ್ಳು ಸಿಕ್ಕಿಬಿತ್ತು. ದೆಹಲಿಯಲ್ಲಿ ವಿದ್ವಾಂಸರು ಮಾಡಿದ್ದೂ ಇಂಥದ್ದೇ ಪರೀಕ್ಷೆ. ಗೆಳೆತನದ ಮಾತಾಡುವ ಮೇಲ್ಜಾತಿಯ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಮ್ಮ ಪರವಾಗಿ ಮನೆ ಹಿಡಿದುಕೊಡುವುದು ಬೇಡ, ನಮ್ಮ ಪರವಾಗಿ ಸಾಕ್ಷಿ ಹೇಳಲಿ.

2. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ಕು ಇಡಿ. ತಾರೀಖು, ಬೀದಿ, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಜೊತೆಯಲ್ಲಿದ್ದವರ ಹೆಸರು ಬರೆಯಿರಿ. ಒಬ್ಬನ ಅವಮಾನ ಕತೆಯಾಗುತ್ತದೆ, ನೂರು ಜನರದು ದಾಖಲೆಯಾಗುತ್ತದೆ. ಆ ಪುಸ್ತಕ ಹಿಡಿದು ಸಮಾಜ ಕಲ್ಯಾಣ ಇಲಾಖೆಗೂ ಪೊಲೀಸ್ ಠಾಣೆಗೂ ಹೋಗೋಣ.

3. ಕರಾರಿನಲ್ಲಿ ಇರುವವರೆಲ್ಲರ ಹೆಸರೂ ಬರಲಿ. 11 ತಿಂಗಳ ಕರಾರು ಯಾಕೆ ಮಾಡುತ್ತಾರೆ ಗೊತ್ತೇ? ವರ್ಷ ಮೀರಿದ ಕರಾರನ್ನು 1908ರ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಿಕೊಳ್ಳಲು. ಅಡ್ವಾನ್ಸಿಗೂ ಬಾಡಿಗೆಗೂ ರಸೀತಿ ಕೇಳಿ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ನೋಟೀಸು ಕೊಡಬೇಕು ಅಂತ 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲೇ ಇದೆ. ‘ನಾಳೆ ಖಾಲಿ ಮಾಡು’ ಅಂದ ಕೂಡಲೇ ಟ್ರಂಕು ಎತ್ತಬೇಡಿ.

4. ರೂಮಿನೊಳಗೆ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಬಾಡಿಗೆಯ ಪಾಲು, ಅಡ್ವಾನ್ಸಿನಲ್ಲಿ ಯಾರದೆಷ್ಟು, ಮಧ್ಯದಲ್ಲಿ ಬಿಟ್ಟು ಹೋಗುವವನಿಗೆ ಯಾವಾಗ ವಾಪಸು, ಅನ್ನ ಯಾರ ಪಾಳಿ, ಕಕ್ಕಸು ಯಾರ ಪಾಳಿ. ಜಾತಿ, ಉಪಜಾತಿ ಕೇಳಬಾರದು ಅನ್ನುವುದು ಮೊದಲನೇ ಸಾಲಾಗಿರಲಿ.

5. ಊರಿನಲ್ಲಿ ಸ್ವಂತ ಮನೆ ಕಟ್ಟಿದ ನಮ್ಮ ನೌಕರರು, ಅಧಿಕಾರಿಗಳು ಇದ್ದಾರೆ. ಅವರಲ್ಲೂ ಕೆಲವರು ಮಹಡಿಯ ಮೇಲಿನ ಕೋಣೆಯನ್ನು ‘ನಮ್ಮ ಹುಡುಗರು ಗಲಾಟೆ’ ಅಂತ ಬೇರೆಯವರಿಗೆ ಕೊಡುತ್ತಾರೆ. ಮೀಸಲಾತಿಯಲ್ಲಿ ಬಂದ ಸಂಬಳದಲ್ಲಿ ಕಟ್ಟಿದ ಮನೆಯಲ್ಲಿ ಒಂದು ಕೋಣೆ ನಮ್ಮ ವಿದ್ಯಾರ್ಥಿಗೆ ಕೊಡಿ ಅಂತ ಮನೆ ಬಾಗಿಲಿಗೇ ಹೋಗಿ ಕೇಳೋಣ. ಪುಕ್ಕಟೆ ಬೇಡ, ಬಾಡಿಗೆಗೆ.

ಸರ್ಕಾರದ ಮುಂದೆ ಇಡುವ ಬೇಡಿಕೆಗಳು ಮೂರು. ಅರ್ಜಿ ಹಾಕಿದ ಪ್ರತಿಯೊಬ್ಬ ಪರಿಶಿಷ್ಟ ವಿದ್ಯಾರ್ಥಿಗೆ ಹಾಸ್ಟೆಲು, ಕೊಡಲಾಗದಿದ್ದರೆ ಆ ಊರಿನ ನಿಜವಾದ ಬಾಡಿಗೆಗೆ ಸಮನಾದ ವಸತಿ ಭತ್ಯೆ ತಿಂಗಳು ತಿಂಗಳು ಕೈಗೆ ಬರಬೇಕು. ವಿಶ್ವವಿದ್ಯಾಲಯವೇ ಮನೆಗಳನ್ನು ಬಾಡಿಗೆಗೆ ಹಿಡಿದು ವಿದ್ಯಾರ್ಥಿಗಳಿಗೆ ಕೊಡಬೇಕು. ರಿಜಿಸ್ಟ್ರಾರರ ಮನೆದೇವರನ್ನು ಯಾವ ಮಾಲೀಕನೂ ಕೇಳುವುದಿಲ್ಲ. ರಾಜ್ಯದ ಬಾಡಿಗೆ ಕಾಯಿದೆಯಲ್ಲಿ ಜಾತಿ, ಧರ್ಮ, ಆಹಾರದ ನೆಪದಲ್ಲಿ ಮನೆ ನಿರಾಕರಿಸುವುದು ಅಪರಾಧ ಅಂತ ಸ್ಪಷ್ಟವಾಗಿ ಬರೆಯಬೇಕು.

ಕೆಲವರು ಕೇಳುತ್ತಾರೆ: ಇಷ್ಟೆಲ್ಲ ಯಾಕೆ, ನಮ್ಮದೇ ಬಡಾವಣೆ, ನಮ್ಮದೇ ಹಾಸ್ಟೆಲು ಸಾಲದೇ? ಹಾಸ್ಟೆಲು ಬೇಕು, ಅದಕ್ಕಾಗಿ ಕೊನೆಯವರೆಗೂ ಹೋರಾಡುತ್ತೇವೆ. ಆದರೆ ಊರಿನಲ್ಲಿ ಒಂದು ಕೇರಿ, ಪಟ್ಟಣದಲ್ಲಿ ಇನ್ನೊಂದು ಕೇರಿ ಅಂತ ಒಪ್ಪಿಕೊಳ್ಳಲು ನಾವು ಎಂ.ಎ. ಓದಲು ಬಂದಿಲ್ಲ. ಪಟ್ಟಣದ ಯಾವ ಬೀದಿಯಲ್ಲಿ ಬೇಕಾದರೂ ನಮ್ಮ ನಿಜವಾದ ಹೆಸರು ಹೇಳಿ, ಬಾಬಾಸಾಹೇಬರ ಫೋಟೋ ಗೋಡೆಗೆ ಹಾಕಿ, ಅಪ್ಪ ಅವ್ವನನ್ನು ಮುಂಬಾಗಿಲಿನಿಂದ ಕರೆದುಕೊಂಡು ಬಂದು ಇರುವ ಹಕ್ಕು ನಮಗೆ ಬೇಕು.

ಬರುವ ಭಾನುವಾರದಿಂದಲೇ ಶುರು ಮಾಡೋಣ. ನಿಮ್ಮ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು ಕೊಳ್ಳಿ. ಮೊದಲ ಪುಟದಲ್ಲಿ ‘ಮನೆ ಬಾಡಿಗೆಗಿದೆ – ಯಾರಿಗೆ?’ ಅಂತ ಬರೆಯಿರಿ. ಮೂವರು ಮೂವರಾಗಿ ಹೊರಡಿ. ಬೆಲ್ಲು ಒತ್ತಿ, ನಿಮ್ಮ ಹೆಸರು ಗಟ್ಟಿಯಾಗಿ ಹೇಳಿ.

ಜೈ ಭೀಮ್.